ಬಿಗಿದ ಮುಷ್ಟಿ, ತೆರೆದ ಹಸ್ತ

ಪ್ರತಿಯೊಂದು ಆಟಕ್ಕೂ ಒಂದು ಗುರಿಯಿದೆ. ಫುಟ್‌ಬಾಲ್ ಆಡುವವನಿಗೆ ಬಲೆ ಗುರಿ. ಕಬಡ್ಡಿ ಆಡುವವನಿಗೆ ನಡುಗೆರೆ ಗುರಿ. ಬಿಲ್ಲುಗಾರನಿಗೆ ಹಲಗೆಯ ಮೇಲಿನ ಪುಟ್ಟ ವೃತ್ತ ಗುರಿ. ಈ ಆಟಗಳಲ್ಲಿ ಎದುರಾಳಿಗೆ ಪೆಟ್ಟಾದರೆ ಅದು ಆಕಸ್ಮಿಕ. ಪೆಟ್ಟು ಕೊಟ್ಟವನು ಕೈನೀಡಿ ಎಬ್ಬಿಸುತ್ತಾನೆ, ಕ್ಷಮೆ ಕೇಳುತ್ತಾನೆ. ಆದರೆ ಎದುರಿಗೆ ನಿಂತ ಮನುಷ್ಯನ ಮುಖವನ್ನೇ ಗುರಿಯಾಗಿಸಿಕೊಂಡ ಆಟವೊಂದು ಲೋಕದಲ್ಲಿದೆ. ಅದು ಬಾಕ್ಸಿಂಗ್. ಅಲ್ಲಿ ಪೆಟ್ಟು ಆಕಸ್ಮಿಕವಲ್ಲ, ಪೆಟ್ಟೇ ಆಟ.

ಇಂಥ ಆಟದಲ್ಲಿ ಒಬ್ಬನು ದಂತಕಥೆಯಾಗುವುದು ಹೇಗೆ? ಹೆಚ್ಚು ಜನರನ್ನು ನೆಲಕ್ಕೆ ಕೆಡವಿದ್ದರಿಂದಲೇ? ಹೆಚ್ಚು ಹಣ ಗಳಿಸಿದ್ದರಿಂದಲೇ? ಒಮ್ಮೆಯೂ ಸೋಲದೆ ಇದ್ದುದರಿಂದಲೇ? ಹೀಗೆ ಕೇಳುವ ಗುರುವನ್ನು ಕಂಡು ನಿಮಗೆ ಸೋಜಿಗವಾಗಬಹುದು. ಧರ್ಮಪ್ರಾಂತ್ಯದ ಪತ್ರಿಕೆಗೂ ಗುದ್ದಾಟಕ್ಕೂ ಎತ್ತಣಿಂದೆತ್ತ ಸಂಬಂಧ ಎಂದು ನೀವು ಹುಬ್ಬೇರಿಸುವ ಮುನ್ನ ಎರಡು ಕಾರಣಗಳನ್ನು ಹೇಳಿಬಿಡುತ್ತೇನೆ.

ಮೊದಲನೆಯದು, ನಮ್ಮ ಯುವಜನರು. ಸಿಂಧನೂರಿನಿಂದ ಮಸ್ಕಿಯ ಮೂಲಕ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ ಯಾವ ಊರಿನಲ್ಲಿಳಿದರೂ, ಹುಡುಗರು ಮೊಬೈಲಿನಲ್ಲಿ ಕ್ರಿಕೆಟ್ ಬಿಟ್ಟರೆ ಹೆಚ್ಚಾಗಿ ನೋಡುವುದು ಇಂಥ ಕಾಳಗಗಳನ್ನೇ. "ಫಾದರ್, ಎಲ್ಲರಿಗಿಂತ ದೊಡ್ಡ ಬಾಕ್ಸರ್ ಯಾರ್ರೀ?" ಎಂದು ಬಲಿಪೂಜೆಯ ನಂತರ ಚರ್ಚಿನ ಅಂಗಳದಲ್ಲಿ ನನ್ನನ್ನು ಕೇಳಿದವರಿದ್ದಾರೆ. ಬಾಕ್ಸಿಂಗ್ ಈಗ ನಮಗೆ ದೂರದ ಆಟವೂ ಅಲ್ಲ. ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಬಳಿ 2018ರಲ್ಲಿ ಆರಂಭವಾದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯಲ್ಲಿ ದೇಶದ ನಾನಾ ಕಡೆಯ ಬಾಕ್ಸರ್‌ಗಳು ತರಬೇತಿ ಪಡೆಯುತ್ತಾರೆ. ಹರಿಯಾಣದ ಕರ್ನಾಲ್‌ನಲ್ಲಿ ಹುಟ್ಟಿ ಇಲ್ಲಿ ಪಳಗಿದ ನಿಶಾಂತ್ ದೇವ್, 2021ರ ರಾಷ್ಟ್ರೀಯ ಚಾಂಪಿಯನ್‌ಶಿಪ್‌ನಲ್ಲಿ ಕರ್ನಾಟಕಕ್ಕೆ ಚಿನ್ನ ತಂದರು. 2023ರಲ್ಲಿ ತಾಷ್ಕೆಂಟಿನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಕಂಚು ಗೆದ್ದರು. ಒಂದು ಕಾಲದಲ್ಲಿ ರಾಯಚೂರಿನಂತೆಯೇ ನಿಜಾಮರ ಸಂಸ್ಥಾನಕ್ಕೆ ಸೇರಿದ್ದ ನಿಜಾಮಾಬಾದಿನ ಮಗಳು ನಿಖತ್ ಝರೀನ್ 2022 ಮತ್ತು 2023ರಲ್ಲಿ ವಿಶ್ವ ಚಾಂಪಿಯನ್ ಆದರು.

ಎರಡನೆಯ ಕಾರಣ ಸಂತ ಪೌಲರು. ಬಾಕ್ಸಿಂಗ್ ಕಣವನ್ನು ಧರ್ಮಬೋಧನೆಯೊಳಗೆ ಮೊದಲು ತಂದವರು ಅವರೇ. ಆ ಮಾತಿಗೆ ಮುಂದೆ ಬರುತ್ತೇನೆ.

ದಂತಕಥೆ ಎಂದರೆ ಬಾಯಿಂದ ಬಾಯಿಗೆ ಸಾಗುವ ಕಥೆ. ಅಂಕಿಅಂಶ ಪುಸ್ತಕದಲ್ಲಿ ಉಳಿಯುತ್ತದೆ. ದಂತಕಥೆ ಜನರ ನಾಲಗೆಯ ಮೇಲೆ ಉಳಿಯುತ್ತದೆ. ಇವೆರಡೂ ಒಂದೇ ಅಲ್ಲವೆಂಬುದಕ್ಕೆ ಬಾಕ್ಸಿಂಗ್ ಇತಿಹಾಸವೇ ಸಾಕ್ಷಿ. ಇಟಲಿ ಮೂಲದ ಅಮೆರಿಕನ್ ರಾಕಿ ಮಾರ್ಸಿಯಾನೊ ವೃತ್ತಿಜೀವನದಲ್ಲಿ 49 ಬಾರಿ ಕಣಕ್ಕಿಳಿದು 49 ಬಾರಿಯೂ ಗೆದ್ದು, 1956ರಲ್ಲಿ ಅಜೇಯರಾಗಿಯೇ ನಿವೃತ್ತರಾದರು. ಅಂಕಿಯ ಲೆಕ್ಕದಲ್ಲಿ ಅವರಿಗಿಂತ ಮಿಗಿಲಾದ ಹೆವಿವೇಟ್ ಚಾಂಪಿಯನ್ ಇಲ್ಲ. ಆದರೆ ಲೋಕದ ಯಾವ ಮೂಲೆಗೆ ಹೋಗಿ ಬಾಕ್ಸಿಂಗ್ ಎಂದರೂ ಜನರ ಬಾಯಿಗೆ ಬರುವ ಹೆಸರು ಮುಹಮ್ಮದ್ ಅಲಿ. ಅವರು ಐದು ಬಾರಿ ಸೋತವರು! ಸೋಲದವನ ಹೆಸರಿಗಿಂತ ಸೋತು ಎದ್ದವನ ಹೆಸರು ಹೆಚ್ಚು ದೂರ ಹೋಗಿದೆ. ಇದನ್ನು ನಾವು ಗಮನಿಸಬೇಕು.

ನಮ್ಮಲ್ಲೊಂದು ಗಾದೆಯಿದೆ: ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಜಾತ್ರೆಯ ಕುಸ್ತಿ ಕಣದಲ್ಲಿ ಹಲಗೆಯ ಸದ್ದಿನ ನಡುವೆ ಅಂಗಾತ ಬಿದ್ದು, ಬೆಳ್ಳಿ ಕಡಗ ಇನ್ನೊಬ್ಬನ ಕೈಸೇರಿದ ಮೇಲೂ ಮೀಸೆ ತಿರುವುತ್ತ "ನಾನೆಲ್ಲಿ ಬಿದ್ದೆ?" ಎನ್ನುವ ಪೈಲ್ವಾನನನ್ನು ನಮ್ಮ ಹಿರಿಯರು ನಕ್ಕು ಕಟ್ಟಿದ ಗಾದೆ ಇದು. ಇದರೊಳಗೆ ಆಳವಾದ ವಿವೇಕವಿದೆ. ಬಿದ್ದೆನೆಂದು ಒಪ್ಪದವನು ಏಳುವುದಾದರೂ ಹೇಗೆ? ಮೀಸೆಗೆ ಮಣ್ಣಾಯಿತೆಂದು ಒಪ್ಪಿ, ಅದನ್ನು ಕೊಡವಿಕೊಂಡು ಮತ್ತೆ ಗರಡಿಮನೆಗೆ ಹೋಗುವವನೇ ಮುಂದಿನ ಜಾತ್ರೆಯಲ್ಲಿ ಕಡಗ ತೊಡುತ್ತಾನೆ. ಪಾಪನಿವೇದನೆಯ ಸಂಸ್ಕಾರವೂ ನಮಗೆ ಇದನ್ನೇ ಕಲಿಸುತ್ತದೆಯಲ್ಲವೇ?

ಮುಷ್ಟಿಕಾಳಗ ಪಶ್ಚಿಮ ದೇಶಗಳಿಂದ ಬಂದದ್ದೆಂದು ನಾವು ತಿಳಿದಿದ್ದೇವೆ. ಅದು ಅರ್ಧಸತ್ಯ. ಕೈಗವಸಿನ ಇಂದಿನ ಬಾಕ್ಸಿಂಗ್ ಇಂಗ್ಲೆಂಡಿನದು ನಿಜ. 1867ರಲ್ಲಿ ಪ್ರಕಟವಾದ ಕ್ವೀನ್ಸ್‌ಬೆರಿ ನಿಯಮಗಳೇ ಅದಕ್ಕೆ ತಳಹದಿ. ಆದರೆ ಕನ್ನಡ ನಾಡಿಗೆ ತನ್ನದೇ ಆದ ಮುಷ್ಟಿಕಾಳಗವಿತ್ತು, ಇಂದಿಗೂ ಇದೆ. ಕೃಷ್ಣದೇವರಾಯನು 1520ರಲ್ಲಿ ನಮ್ಮ ರಾಯಚೂರಿನ ಕೋಟೆಗಾಗಿ ನಡೆಸಿದ ಯುದ್ಧವನ್ನು ವಿವರವಾಗಿ ಬರೆದಿಟ್ಟ ಪೋರ್ಚುಗೀಸ್ ವರ್ತಕ ನೂನಿಜ್, ವಿಜಯನಗರದ ಜಟ್ಟಿಗಳ ಬಗ್ಗೆಯೂ ಬರೆದಿದ್ದಾನೆ. ಅವರು ಯುರೋಪಿನವರಂತೆ ಬರಿಗೈಯಲ್ಲಿ ಹೋರಾಡದೆ, ಮೊನೆಗಳಿದ್ದ ಬಳೆಯಂಥ ಸಾಧನವನ್ನು ಕೈಯಲ್ಲಿ ಹಿಡಿದು ಗುದ್ದಿ ಗಾಯಗೊಳಿಸುತ್ತಿದ್ದರೆಂದು ಅವನ ವರದಿ. ಆ ಪರಂಪರೆಯೇ ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ನಡೆಯುವ ವಜ್ರಮುಷ್ಟಿ ಕಾಳಗ. ತಲೆ ಬೋಳಿಸಿಕೊಂಡ ಇಬ್ಬರು ಜಟ್ಟಿಗಳು ಬೆರಳುಗಳಿಗೆ ಮೊನಚಾದ ಆಯುಧ ತೊಟ್ಟು ಎದುರಾಗುತ್ತಾರೆ. ಆದರೆ ಈ ಕಾಳಗಕ್ಕೊಂದು ಕಟ್ಟಳೆಯಿದೆ. ಒಬ್ಬನ ತಲೆಯಿಂದ ರಕ್ತದ ಮೊದಲ ಹನಿ ಚಿಮ್ಮಿದೊಡನೆ ಕಾಳಗ ಮುಗಿಯಿತು. ಎರಡನೆಯ ಹನಿಗೆ ಅಲ್ಲಿ ಅವಕಾಶವಿಲ್ಲ. ಇಷ್ಟು ಉಗ್ರವಾದ ಆಟದ ಹೃದಯದಲ್ಲಿಯೂ ನಮ್ಮ ಪೂರ್ವಿಕರು 'ಇಲ್ಲಿಗೆ ಸಾಕು' ಎಂಬ ಮಾತನ್ನು ಇಟ್ಟರು.

ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಕೆಲವರ ಬದುಕನ್ನು ನೋಡೋಣ.

1936ರ ಜೂನ್ 19ರಂದು ನ್ಯೂಯಾರ್ಕಿನಲ್ಲಿ ಜರ್ಮನಿಯ ಮ್ಯಾಕ್ಸ್ ಷ್ಮೆಲಿಂಗ್, ಅದುವರೆಗೆ ಅಜೇಯನಾಗಿದ್ದ ಕಪ್ಪು ಜನಾಂಗದ ಯುವಕ ಜೋ ಲೂಯಿಸ್‌ನನ್ನು ಹನ್ನೆರಡನೆಯ ಸುತ್ತಿನಲ್ಲಿ ಕೆಡವಿದರು. ಹಿಟ್ಲರನ ಸರ್ಕಾರ ಇದನ್ನು ತನ್ನ ಜನಾಂಗದ ಮೇಲ್ಮೆಗೆ ಸಾಕ್ಷಿಯೆಂದು ಮೆರೆಸಿತು. ಎರಡು ವರ್ಷಗಳ ನಂತರ, 1938ರ ಜೂನ್ 22ರಂದು, ಅದೇ ಕಣದಲ್ಲಿ ಇಬ್ಬರೂ ಮತ್ತೆ ಎದುರಾದರು. ಈ ಬಾರಿ ಲೂಯಿಸ್ ಕೇವಲ 124 ಸೆಕೆಂಡುಗಳಲ್ಲಿ ಗೆದ್ದರು. ಕಥೆ ಇಲ್ಲಿಗೇ ಮುಗಿದಿದ್ದರೆ ಅದು ಸೇಡಿನ ಕಥೆಯಾಗುತ್ತಿತ್ತು. ಆದರೆ ಅದೇ ವರ್ಷ ನವೆಂಬರಿನಲ್ಲಿ ಯೆಹೂದ್ಯರ ಮನೆ ಅಂಗಡಿಗಳನ್ನು ನಾಜಿಗಳು ಸುಡುತ್ತಿದ್ದಾಗ, ಷ್ಮೆಲಿಂಗ್ ತನ್ನ ಯೆಹೂದ್ಯ ಗೆಳೆಯನ ಇಬ್ಬರು ಗಂಡುಮಕ್ಕಳನ್ನು ಬರ್ಲಿನ್ನಿನ ಹೋಟೆಲಿನ ತಮ್ಮ ಕೋಣೆಯಲ್ಲಿ ಬಚ್ಚಿಟ್ಟು ಕಾಪಾಡಿದರು. ಈ ಸಂಗತಿಯನ್ನು ಐವತ್ತು ವರ್ಷ ಅವರು ಯಾರಿಗೂ ಡಂಗುರ ಸಾರಲಿಲ್ಲ. 1989ರಲ್ಲಿ ಬದುಕುಳಿದ ಆ ಹುಡುಗರಲ್ಲೊಬ್ಬನು ಹೇಳಿದಾಗಲೇ ಲೋಕಕ್ಕೆ ತಿಳಿದದ್ದು. ಇತ್ತ ಲೂಯಿಸ್ ಮುಪ್ಪಿನಲ್ಲಿ ಕೈ ಬರಿದಾಗಿ ಕಷ್ಟಕ್ಕೆ ಬಿದ್ದರು. ಆಗ ಹಣದ ಸಹಾಯ ಮಾಡಿದವರು, 1981ರಲ್ಲಿ ಅವರ ಅಂತ್ಯಕ್ರಿಯೆಯ ಖರ್ಚಿನಲ್ಲಿ ಪಾಲು ಹೊತ್ತವರು ಹಳೆಯ ಎದುರಾಳಿ ಷ್ಮೆಲಿಂಗ್. ಶತ್ರುವನ್ನು ಪ್ರೀತಿಸಿರೆಂಬ ಪ್ರಭುವಿನ ಬೋಧೆ ಆಚರಿಸಲಾಗದ ಆದರ್ಶವೆಂದು ಯಾರಾದರೂ ಹೇಳಿದರೆ, ನಾನು ಈ ಇಬ್ಬರನ್ನು ತೋರಿಸುತ್ತೇನೆ.

ಇನ್ನು ಮುಹಮ್ಮದ್ ಅಲಿಯವರ ಕಥೆ. 1942ರಲ್ಲಿ ಅಮೆರಿಕದ ಲೂಯಿವಿಲ್ ನಗರದಲ್ಲಿ ಹುಟ್ಟಿದ ಅವರ ಮೊದಲ ಹೆಸರು ಕ್ಯಾಷಿಯಸ್ ಕ್ಲೇ. ಹನ್ನೆರಡನೆಯ ವಯಸ್ಸಿನಲ್ಲಿ ಹೊಸ ಸೈಕಲ್ ಕಳುವಾಯಿತು. ಕಳ್ಳ ಸಿಕ್ಕರೆ ಬಡಿಯುತ್ತೇನೆಂದು ಅಳುತ್ತ ದೂರಿದ ಹುಡುಗನಿಗೆ, ಬಡಿಯುವ ಮೊದಲು ಹೊಡೆದಾಡುವುದನ್ನು ಕಲಿ ಎಂದು ಹೇಳಿ ತಾಲೀಮಿಗೆ ಕರೆದವರು ಜೋ ಮಾರ್ಟಿನ್ ಎಂಬ ಪೊಲೀಸ್ ಅಧಿಕಾರಿ. ಹೀಗೆ ಒಂದು ಸಿಟ್ಟು ಶಿಸ್ತಾಗಿ ಮಾರ್ಪಟ್ಟಿತು. 1960ರಲ್ಲಿ ರೋಮ್ ಒಲಿಂಪಿಕ್ಸ್ ಚಿನ್ನ. 1964ರಲ್ಲಿ ವಿಶ್ವ ಹೆವಿವೇಟ್ ಪಟ್ಟ. ಆ ಬಳಿಕ ಇಸ್ಲಾಂ ಧರ್ಮ ಸ್ವೀಕರಿಸಿ ಹೊಸ ಹೆಸರು ಪಡೆದರು.

1967ರ ಏಪ್ರಿಲ್‌ನಲ್ಲಿ ವಿಯೆಟ್ನಾಂ ಯುದ್ಧಕ್ಕಾಗಿ ಸೈನ್ಯ ಸೇರಬೇಕೆಂಬ ಕರೆ ಬಂದಾಗ ಅಲಿ ತಮ್ಮ ಅಂತಃಸಾಕ್ಷಿ ಒಪ್ಪದೆಂದು ನಿರಾಕರಿಸಿದರು. ಪಟ್ಟ ಹೋಯಿತು, ಪರವಾನಗಿ ಹೋಯಿತು, ಐದು ವರ್ಷಗಳ ಸೆರೆವಾಸದ ಶಿಕ್ಷೆಯೂ ಆಯಿತು. ಮೇಲ್ಮನವಿಯಿಂದಾಗಿ ಸೆರೆಮನೆ ತಪ್ಪಿದರೂ, ದೇಹಬಲ ಉತ್ತುಂಗದಲ್ಲಿದ್ದ ಇಪ್ಪತ್ತೈದರಿಂದ ಇಪ್ಪತ್ತೆಂಟರ ವಯಸ್ಸಿನಲ್ಲಿ ಮೂರೂವರೆ ವರ್ಷ ಕಣಕ್ಕಿಳಿಯಲಾಗಲಿಲ್ಲ. 1971ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಶಿಕ್ಷೆಯನ್ನು ರದ್ದುಗೊಳಿಸಿತು. ನ್ಯಾಯ ದೊರೆಯಿತು, ಕಳೆದ ವರ್ಷಗಳು ಮಾತ್ರ ಹಿಂದಿರುಗಲಿಲ್ಲ. ಜಗತ್ತಿನ ಅತಿ ಬಲಿಷ್ಠ ಮುಷ್ಟಿಯೊಂದು 'ನಾನು ಕೊಲ್ಲಲು ಹೋಗುವುದಿಲ್ಲ' ಎಂದು ನಿಂತ ಆ ಕ್ಷಣವೇ ಅಲಿಯವರನ್ನು ಬಾಕ್ಸಿಂಗ್ ಕಣದಾಚೆಗೂ ಕೊಂಡೊಯ್ದಿತೆಂದು ನನ್ನ ಭಾವನೆ. ಪಟ್ಟವನ್ನು ಗೆಲ್ಲಲು ತೋಳು ಸಾಕು; ಪಟ್ಟವನ್ನು ಬಿಟ್ಟುಕೊಡಲು ಆತ್ಮಬಲ ಬೇಕು.

1974ರ ಅಕ್ಟೋಬರ್ 30ರಂದು ಆಫ್ರಿಕದ ಕಿನ್ಶಾಸಾದಲ್ಲಿ ಅವರು ತಮಗಿಂತ ಕಿರಿಯ, ತಮಗಿಂತ ಬಲಿಷ್ಠ ಜಾರ್ಜ್ ಫೋರ್‌ಮನ್‌ರನ್ನು ಎದುರಿಸಿದ ಬಗೆಯನ್ನು ನೋಡಿ. ಸುತ್ತಿನ ಮೇಲೆ ಸುತ್ತು ಹಗ್ಗಕ್ಕೆ ಒರಗಿ, ತೋಳುಗಳಿಂದ ಮುಖ ಮರೆಮಾಡಿಕೊಂಡು ಪೆಟ್ಟುಗಳನ್ನು ತಾಳಿಕೊಂಡರು. ಹೊಡೆದು ಹೊಡೆದು ಫೋರ್‌ಮನ್ ಬಳಲಿದಾಗ, ಎಂಟನೆಯ ಸುತ್ತಿನಲ್ಲಿ ಅಲಿ ಗೆದ್ದರು. ಹೊಡೆಯುವ ಕಲೆಗಿಂತ ತಾಳಿಕೊಳ್ಳುವ ಕಲೆ ದೊಡ್ಡದೆಂದು ಅಂದು ಲೋಕ ಕಂಡಿತು. ತಾಳಿದವನು ಬಾಳಿಯಾನು ಎಂದು ನಮ್ಮ ಅಜ್ಜಿಯರು ಅದನ್ನು ಮೊದಲೇ ಹೇಳಿದ್ದರು.

ಆದರೆ, ಪ್ರಿಯ ಓದುಗರೇ, ದಂತಕಥೆಯಾದವರೆಲ್ಲ ಸಂತರಲ್ಲ. ಅಲಿಯವರ ನಾಲಗೆ ಅವರ ಮುಷ್ಟಿಗಿಂತ ಹರಿತವಾಗಿತ್ತು. ನಿಷೇಧದ ದಿನಗಳಲ್ಲಿ ತಮಗೆ ನೆರವಾಗಿದ್ದ ಜೋ ಫ್ರೇಜಿಯರ್‌ರನ್ನು ಅವರು ಬಹಿರಂಗವಾಗಿ ಹೀನಾಯ ಮಾತುಗಳಿಂದ ಹಂಗಿಸಿದರು. 1975ರ ಅಕ್ಟೋಬರ್ 1ರಂದು ಮನಿಲಾದಲ್ಲಿ ಇಬ್ಬರೂ ಸಾವಿನಂಚಿನವರೆಗೆ ಹೋರಾಡಿದರು. ಕೊನೆಯ ಹದಿನೈದನೆಯ ಸುತ್ತಿಗೆ ಮುನ್ನ ಫ್ರೇಜಿಯರ್ ಕಣ್ಣು ಊದಿ ಮುಚ್ಚಿಹೋಗಿದ್ದರೂ ಮುಂದುವರಿಯಲು ಹಟ ಹಿಡಿದರು. ತರಬೇತುದಾರ ಎಡ್ಡಿ ಫಚ್ ಬೇಡವೆಂದು ಆಟ ನಿಲ್ಲಿಸಿಬಿಟ್ಟರು. ಶಿಷ್ಯನ ಗೆಲುವಿಗಿಂತ ಶಿಷ್ಯನ ಪ್ರಾಣವನ್ನು ಪ್ರೀತಿಸಿದ ಆ ಗುರುವಿಗೆ ನನ್ನ ನಮನ. ಮೈಮೇಲಿನ ಗಾಯಗಳು ಕೆಲವು ವಾರಗಳಲ್ಲಿ ಮಾದವು. ಮಾತಿನ ಗಾಯ ಮಾತ್ರ ಫ್ರೇಜಿಯರ್ ಎದೆಯಲ್ಲಿ ದಶಕಗಳ ಕಾಲ ಉಳಿಯಿತು. 2001ರಲ್ಲಿ ಅಲಿ ಪತ್ರಿಕೆಯೊಂದರ ಮೂಲಕ ವಿಷಾದ ವ್ಯಕ್ತಪಡಿಸಿದರು. 2011ರಲ್ಲಿ ಫ್ರೇಜಿಯರ್ ತೀರಿಕೊಂಡಾಗ ನಡುಗುವ ದೇಹ ಹೊತ್ತು ಅಂತ್ಯಕ್ರಿಯೆಗೆ ಬಂದು ನಿಂತರು. ಮನೆಯಲ್ಲಿ ಕೈ ಎತ್ತದಿದ್ದರೂ ನಾಲಗೆಯಿಂದ ಹೊಡೆಯುವವರು ನಮ್ಮ ನಡುವೆ ಇಲ್ಲವೇ? ಅವರೂ ಈ ಮಾತನ್ನು ಮನಸ್ಸಿಗೆ ತಂದುಕೊಳ್ಳಲಿ.

1984ರಲ್ಲಿ ಅಲಿಯವರಿಗೆ ಪಾರ್ಕಿನ್ಸನ್ ಕಾಯಿಲೆ ಇರುವುದು ಖಚಿತವಾಯಿತು. 1996ರ ಜುಲೈನಲ್ಲಿ ಅಟ್ಲಾಂಟಾ ಒಲಿಂಪಿಕ್ಸ್‌ನ ಉದ್ಘಾಟನೆ ನಡೆದಾಗ ನಾನು ಗುರುಮಠದ ವಿದ್ಯಾರ್ಥಿ. ಕ್ರೀಡಾಜ್ಯೋತಿಯನ್ನು ಬೆಳಗಲು ಕೊನೆಯಲ್ಲಿ ಮುಂದೆ ಬಂದವರು ಅಲಿ. ದೂರದರ್ಶನದ ಪರದೆಯಲ್ಲಿ ಆ ಎಡಗೈ ಒಂದೇಸಮನೆ ನಡುಗುತ್ತಿತ್ತು. ಬಲಗೈ ದೀವಟಿಗೆಯನ್ನು ಬಿಡಲಿಲ್ಲ. ನಾವು ಯಾರೂ ಮಾತಾಡಲಿಲ್ಲ. ಆ ವಾರ ತರಗತಿಯಲ್ಲಿ ಆದಿಕಾಂಡದ ಮೂವತ್ತೆರಡನೆಯ ಅಧ್ಯಾಯ ಓದಿದಾಗ ನನಗೆ ಅದು ಬೇರೆಯಾಗಿಯೇ ಕೇಳಿಸಿತು. ಯಬ್ಬೋಕ್ ಹೊಳೆಯ ದಡದಲ್ಲಿ ಯಕೋಬನು ರಾತ್ರಿಯಿಡೀ ಒಬ್ಬ ಅಪರಿಚಿತನೊಡನೆ ಹೋರಾಡುತ್ತಾನೆ. ಬೆಳಗಾದಾಗ ಅವನಿಗೆ ದೊರೆತದ್ದು ಹೊಸ ಹೆಸರು, ಆಶೀರ್ವಾದ, ಜೊತೆಗೆ ಬದುಕಿಡೀ ಉಳಿಯುವ ಒಂದು ಕುಂಟು. ದೇವರೊಡನೆ ಹೋರಾಡಿದವನು ಗಾಯವಿಲ್ಲದೆ ಮನೆಗೆ ಮರಳುವುದಿಲ್ಲ. ಆದರೆ ಆ ಗಾಯದಿಂದಲೇ ಅವನ ಗುರುತು. 2016ರ ಜೂನ್ 3ರಂದು ಅಲಿ ತೀರಿಕೊಂಡರು.

ಇದೆಲ್ಲ ಗಂಡಸರ ಲೋಕವೆಂದು ನಮ್ಮ ಹೆಣ್ಣುಮಕ್ಕಳು ಬೇಸರಪಡಬೇಕಿಲ್ಲ. ಮಣಿಪುರದ ಬಡ ಕೃಷಿಕರ ಮಗಳು, ಕ್ರೈಸ್ತ ಮನೆತನದ ಮೇರಿ ಕೋಮ್ ಬಾಲ್ಯದಲ್ಲಿ ಕೆಲಕಾಲ ಮೊಯಿರಾಂಗಿನ ಕಥೋಲಿಕ ಶಾಲೆಯಲ್ಲಿಯೂ ಓದಿದವರು. 1998ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಮಣಿಪುರದ ಡಿಂಗ್ಕೊ ಸಿಂಗ್ ಅವರಿಗೆ ಸ್ಫೂರ್ತಿ. ಆ ಡಿಂಗ್ಕೊ ಅನಾಥಾಲಯದಲ್ಲಿ ಬೆಳೆದ ಹುಡುಗ. ಮೇರಿ 2002ರಿಂದ 2018ರ ಅವಧಿಯಲ್ಲಿ ಆರು ಬಾರಿ ವಿಶ್ವ ಚಾಂಪಿಯನ್ ಆದರು. 2007ರಲ್ಲಿ ಅವಳಿ ಮಕ್ಕಳನ್ನು ಹೆತ್ತಾಗ ಅವರ ಆಟ ಮುಗಿಯಿತೆಂದೇ ಅನೇಕರು ತಿಳಿದಿದ್ದರು. ಮರುವರ್ಷವೇ ಅವರು ಮತ್ತೆ ವಿಶ್ವಪಟ್ಟ ಗೆದ್ದರು. ಮಹಿಳಾ ಬಾಕ್ಸಿಂಗ್ ಮೊದಲ ಬಾರಿಗೆ ಒಲಿಂಪಿಕ್ಸ್ ಸೇರಿದ 2012ರಲ್ಲಿ, ಲಂಡನ್ನಿನಲ್ಲಿ ಕಂಚು ಗೆದ್ದರು. ಸಿಂಧನೂರಿನ ಗದ್ದೆಗಳಲ್ಲಿ ನಾಟಿ ಮಾಡಿ ಬಂದು, ಮನೆಯಲ್ಲಿ ರೊಟ್ಟಿ ಬಡಿದು, ಮಕ್ಕಳನ್ನು ಓದಿಸುವ ತಾಯಂದಿರಿಗೆ ಮೇರಿಯವರ ಕಥೆ ಅಚ್ಚರಿಯಾಗಲಾರದು. ಬಿದ್ದಲ್ಲಿಂದ ಏಳುವುದು ಅವರಿಗೆ ದಿನನಿತ್ಯದ ಪಾಠ.

ಈಗ ಸಂತ ಪೌಲರ ಮಾತಿಗೆ ಬರೋಣ. ಕೊರಿಂಥ ನಗರದ ಹತ್ತಿರ ಎರಡು ವರ್ಷಕ್ಕೊಮ್ಮೆ ದೊಡ್ಡ ಕ್ರೀಡಾಕೂಟ ನಡೆಯುತ್ತಿತ್ತು. ಅಲ್ಲಿ ಓಟವಿತ್ತು, ಕುಸ್ತಿಯಿತ್ತು, ಕೈಗೆ ತೊಗಲಿನ ಪಟ್ಟಿ ಸುತ್ತಿಕೊಂಡು ಆಡುವ ಮುಷ್ಟಿಕಾಳಗವೂ ಇತ್ತು. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಪೌಲರು ತಾವು ಗಾಳಿಯನ್ನು ಗುದ್ದುವವನಂತೆ ಹೋರಾಡುವವರಲ್ಲವೆನ್ನುತ್ತಾರೆ. ಹಾಗಾದರೆ ಅವರ ಪೆಟ್ಟು ಯಾರ ಮೇಲೆ? ತಮ್ಮ ದೇಹವನ್ನೇ ದಂಡಿಸಿ ವಶದಲ್ಲಿಡುತ್ತೇನೆನ್ನುತ್ತಾರೆ. ಅಲ್ಲಿ ಬಳಸಿದ ಗ್ರೀಕ್ ಕ್ರಿಯಾಪದ ಬಾಕ್ಸಿಂಗ್ ಕಣದ್ದೇ; ಕಣ್ಣಿನ ಕೆಳಗೆ ಗುದ್ದುವುದೆಂಬುದು ಅದರ ಮೂಲಾರ್ಥ. ಪೌಲರಿಗೆ ಎದುರಾಳಿ ಹೊರಗಿಲ್ಲ. ತನ್ನ ಅಹಂಕಾರ, ತನ್ನ ಸಿಟ್ಟು, ತನ್ನ ಆಸೆಬುರುಕತನವೇ ಎದುರಾಳಿ. ಆ ಕಣದಲ್ಲಿ ಪ್ರೇಕ್ಷಕರಿಲ್ಲ, ಚಪ್ಪಾಳೆಯಿಲ್ಲ. ಕಿರೀಟ ಮಾತ್ರ ಬಾಡದ್ದು.

ಹಾಗೆಂದು ಬಾಕ್ಸಿಂಗನ್ನು ಕಣ್ಣುಮುಚ್ಚಿ ಹೊಗಳುವುದು ಸರಿಯಲ್ಲ. 1962ರ ಮಾರ್ಚ್ 24ರಂದು ನ್ಯೂಯಾರ್ಕಿನಲ್ಲಿ ಎಮಿಲ್ ಗ್ರಿಫಿತ್, ಕ್ಯೂಬಾದ ಬೆನ್ನಿ ಪಾರೆಟ್‌ನನ್ನು ಮೂಲೆಗೆ ಒತ್ತಿ ಒಂದೇಸಮನೆ ಗುದ್ದಿದರು. ನಿಲ್ಲಿಸಬೇಕಾದವರು ತಡಮಾಡಿದರು. ಪ್ರಜ್ಞೆ ತಪ್ಪಿದ ಪಾರೆಟ್ ಏಪ್ರಿಲ್ 3ರಂದು ತೀರಿಕೊಂಡರು. ಗ್ರಿಫಿತ್ ಪಟ್ಟ ಗೆದ್ದರು, ನೆಮ್ಮದಿ ಕಳೆದುಕೊಂಡರು. ಮತ್ತೆ ಹಲವು ವರ್ಷ ಆಡಿದರೂ ಮೊದಲಿನಂತೆ ಬಲವಾಗಿ ಹೊಡೆಯಲು ಅವರ ಕೈ ಬರಲಿಲ್ಲ. ನಾಲ್ಕು ದಶಕಗಳ ನಂತರ ಪಾರೆಟ್‌ರ ಮಗ ವೃದ್ಧ ಗ್ರಿಫಿತ್‌ರನ್ನು ಭೇಟಿಯಾಗಿ ತಬ್ಬಿಕೊಂಡು ಕ್ಷಮಿಸಿದನು. ತಂದೆಯನ್ನು ಕಳೆದುಕೊಂಡ ಮಗನ ಆ ಅಪ್ಪುಗೆಗಿಂತ ದೊಡ್ಡ ಗೆಲುವನ್ನು ನಾನು ಈ ಆಟದ ಚರಿತ್ರೆಯಲ್ಲಿ ಕಂಡಿಲ್ಲ. 2005ರಲ್ಲಿ ರೋಮಿನ ಯೇಸುಸಭೆಯವರ ಪತ್ರಿಕೆ 'ಲಾ ಚಿವಿಲ್ತಾ ಕತ್ತೋಲಿಕಾ' ವೃತ್ತಿಪರ ಬಾಕ್ಸಿಂಗನ್ನು ಕಟುವಾಗಿ ಖಂಡಿಸಿತು. ಮನುಷ್ಯದೇಹ ಪವಿತ್ರಾತ್ಮರ ದೇಗುಲವೆಂದು ನಂಬುವ ನಾವು ಆ ಎಚ್ಚರಿಕೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ.

ಆದರೂ ಬಾಕ್ಸಿಂಗ್ ಕಣದಲ್ಲಿ ಒಂದಿಷ್ಟು ನ್ಯಾಯವಿದೆ. ಸಮಾನ ತೂಕದವರನ್ನೇ ಎದುರಾಗಿಸುತ್ತಾರೆ. ಮುಷ್ಟಿಗೆ ಗವಸಿದೆ. ಮೂರು ನಿಮಿಷಕ್ಕೊಮ್ಮೆ ಗಂಟೆ ಬಾರಿಸುತ್ತದೆ. ಸೊಂಟದ ಕೆಳಗೆ ಹೊಡೆಯುವಂತಿಲ್ಲ, ಬಿದ್ದವನನ್ನು ಮುಟ್ಟುವಂತಿಲ್ಲ. ನಡುವೆ ತೀರ್ಪುಗಾರನಿದ್ದಾನೆ, ಸಾಕೆನಿಸಿದರೆ ಟವೆಲ್ ಎಸೆಯಲು ಗುರುವಿದ್ದಾನೆ.

ಇವು ಯಾವುವೂ ಇಲ್ಲದ ಕಣವೊಂದಿದೆ. ಅದು ನಮ್ಮಲ್ಲಿ ಕೆಲವರ ಮನೆ. ಪಾಪನಿವೇದನೆಯಲ್ಲಿ ಕೇಳಿದ್ದನ್ನಲ್ಲ, ಹಾಡಹಗಲು ಕಂಡದ್ದನ್ನೇ ಹೇಳುತ್ತೇನೆ. ಭಾನುವಾರದ ಪೂಜೆಗೆ ಸೆರಗನ್ನು ಕೆನ್ನೆಯ ಮೇಲೆಳೆದುಕೊಂಡು ಬರುವ ತಾಯಂದಿರನ್ನು ಈ ಸೀಮೆಯಲ್ಲಿ ನಾನು ಒಂದಲ್ಲ ಹಲವು ಬಾರಿ ನೋಡಿದ್ದೇನೆ. ಏನಾಯಿತಮ್ಮಾ ಎಂದರೆ ಉತ್ತರ ಒಂದೇ: "ಬಚ್ಚಲದಾಗ ಕಾಲು ಜಾರಿತ್ರೀ ಫಾದರ್." ಪಕ್ಕದಲ್ಲಿ ನಿಂತ ಮಗು ತಾಯಿಯ ಮುಖವನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿ ತಲೆ ತಗ್ಗಿಸುತ್ತದೆ. ಭತ್ತದ ಸುಗ್ಗಿ ಮುಗಿದು ಕೈಯಲ್ಲಿ ಹಣ ಓಡಾಡುವ ದಿನಗಳಲ್ಲಿ, ಕೂಲಿಯ ಸಂಜೆಗಳಲ್ಲಿ, ಸಾರಾಯಿಯ ಅಮಲಿನಲ್ಲಿ ಬಚ್ಚಲುಗಳು ಹೆಚ್ಚು ಜಾರುತ್ತವೆ. ಅಲ್ಲಿ ತೂಕ ಸಮಾನವಲ್ಲ. ಗವಸಿಲ್ಲ, ಗಂಟೆಯಿಲ್ಲ. ಬಿದ್ದವಳ ಮೇಲೂ ಪೆಟ್ಟು ನಿಲ್ಲುವುದಿಲ್ಲ. ಪ್ರೇಕ್ಷಕರೆಂದರೆ ಹೊದಿಕೆಯೊಳಗೆ ಎಚ್ಚರವಾಗಿಯೇ ಮಲಗಿರುವ ಮಕ್ಕಳು.

ಇಂಥ ಮುಷ್ಟಿಯಲ್ಲಿ ಯಾವ ಶೌರ್ಯವಿದೆ? ತಿರುಗಿ ಹೊಡೆಯಲಾಗದವರ ಮೇಲೆ ಎತ್ತಿದ ಕೈಯನ್ನು ಯಾವ ಕಣವೂ ವೀರನ ಕೈಯೆನ್ನುವುದಿಲ್ಲ. ಸಹೋದರರೇ, ನಿಮ್ಮ ಮಕ್ಕಳ ನಾಲಗೆಯ ಮೇಲೆ ನೀವೂ ಒಂದು ದಿನ ಕಥೆಯಾಗುತ್ತೀರಿ. ಅದು ಯಾವ ಕಥೆಯಾಗಬೇಕೆಂದು ಇಂದೇ ನಿಶ್ಚಯಿಸಿ. ಸಹೋದರಿಯರೇ, ತಾಳ್ಮೆ ಕ್ರೈಸ್ತ ಗುಣ ನಿಜ. ಆದರೆ ಹೊಡೆತವನ್ನು ಬಚ್ಚಿಡುವುದು ತಾಳ್ಮೆಯಲ್ಲ. ಅಲಿ ಪೆಟ್ಟುಗಳನ್ನು ತಾಳಿಕೊಂಡದ್ದು ತಾವೇ ಆರಿಸಿಕೊಂಡ ಕಣದಲ್ಲಿ. ನೀವು ಮದುವೆಯಾದದ್ದು ಬಾಳಲಿಕ್ಕೆ. ನಿಮ್ಮ ರಕ್ಷಣೆಗೆ 2005ರ ಕಾಯಿದೆಯಿದೆ, 181 ಎಂಬ ಸಹಾಯವಾಣಿಯಿದೆ, ಧರ್ಮಕೇಂದ್ರದ ಬಾಗಿಲೂ ತೆರೆದಿದೆ. ನೆರೆಹೊರೆಯವರೇ, ಗೋಡೆಯಾಚೆ ಚೀರಾಟ ಕೇಳಿದಾಗ 'ಅದು ಅವರ ಮನೆ ವಿಷಯ' ಎಂದು ಟಿ.ವಿ. ಸದ್ದು ಹೆಚ್ಚಿಸಬೇಡಿ. ಎಡ್ಡಿ ಫಚ್ ಮಾಡಿದ್ದನ್ನು ಮಾಡಿ. ಹೋಗಿ ಬಾಗಿಲು ತಟ್ಟಿ, 'ಸಾಕು' ಎನ್ನಿ. ಅರಮನೆಯ ಅಂಗಳದ ಜಟ್ಟಿಗಳೇ ಮೊದಲ ಹನಿಗೆ ನಿಲ್ಲಿಸುವಾಗ, ನಮ್ಮ ಮನೆಗಳಲ್ಲಿ ಆ ಮೊದಲ ಹನಿಗೂ ಅವಕಾಶವೇಕೆ?

ಕೃಷ್ಣಾ ತುಂಗಭದ್ರೆಯರ ನಡುವಿನ ನಮ್ಮ ಈ ನೆಲ ಶತಮಾನಗಳ ಕಾಲ ಹೋರಾಟದ ಕಣವೇ ಆಗಿತ್ತು. ಮುದಗಲ್ಲು, ರಾಯಚೂರು ಕೋಟೆಗಳಿಗಾಗಿ ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ ಅವರ ನಂತರ ಬಿಜಾಪುರದವರೂ ಎಷ್ಟು ಬಾರಿ ಕಾದಾಡಿದರೋ! ಯಾರು ಯಾವಾಗ ಗೆದ್ದರೆಂಬುದು ಇಂದು ಪರೀಕ್ಷೆಗೆ ಓದುವ ಮಕ್ಕಳಿಗಷ್ಟೇ ಬೇಕು. ಆದರೆ ಈ ನೆಲದಲ್ಲೇ ಒಂದು ಹೆಸರು ಬಂಡೆಯ ಮೇಲೆ ಉಳಿದಿದೆ. 1915ರಲ್ಲಿ ಚಿನ್ನದ ನಿಕ್ಷೇಪ ಅರಸುತ್ತ ಬಂದ ಬೀಡನ್ ಎಂಬ ಗಣಿ ಎಂಜಿನಿಯರ್ ಮಸ್ಕಿಯಲ್ಲೊಂದು ಶಾಸನ ಕಂಡರು. ಅದುವರೆಗೆ ದೊರೆತಿದ್ದ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂದಷ್ಟೇ ಇದ್ದ ಅರಸನ ಸ್ವಂತ ಹೆಸರು ಆ ಬಂಡೆಯ ಮೇಲಿತ್ತು: ಅಶೋಕ. ಚಿನ್ನ ಹುಡುಕಿದವನಿಗೆ ಅದಕ್ಕಿಂತ ಬೆಲೆಯುಳ್ಳದ್ದು ದೊರೆಯಿತು.

ಅಶೋಕನು ಕಳಿಂಗದಲ್ಲಿ ಗೆದ್ದವನು. ಲಕ್ಷ ಜನ ಹತರಾದರೆಂದೂ ಒಂದೂವರೆ ಲಕ್ಷ ಜನರನ್ನು ಸೆರೆ ಒಯ್ಯಲಾಯಿತೆಂದೂ ಬೇರೆಡೆಯ ಶಾಸನದಲ್ಲಿ ಅವನೇ ಹೇಳಿಕೊಂಡು ಪಶ್ಚಾತ್ತಾಪ ಪಟ್ಟಿದ್ದಾನೆ. ಗೆದ್ದ ಅರಸರು ಚರಿತ್ರೆಯಲ್ಲಿ ಬೇಕಾದಷ್ಟಿದ್ದಾರೆ. ಗೆದ್ದದ್ದಕ್ಕಾಗಿ ಅತ್ತವರು ಎಷ್ಟು ಮಂದಿ? ಅವನು ದಂತಕಥೆಯಾದದ್ದು ಕಳಿಂಗವನ್ನು ಗೆದ್ದದ್ದರಿಂದಲ್ಲ, ಕಳಿಂಗದ ನಂತರ ಖಡ್ಗವನ್ನು ಕೆಳಗಿಟ್ಟದ್ದರಿಂದ. ಮಸ್ಕಿಯ ಬಂಡೆಯಲ್ಲಿ ಅವನು ಸಾರಿದ ಮಾತಿನ ತಿರುಳು ಇದು: ಧರ್ಮದ ಈ ದಾರಿ ದೊಡ್ಡವರಿಗಷ್ಟೇ ಮೀಸಲಲ್ಲ, ಧರ್ಮದಲ್ಲಿ ನಿಷ್ಠೆಯಿದ್ದರೆ ಅತಿ ಸಾಮಾನ್ಯನೂ ಅದನ್ನು ಮುಟ್ಟಬಲ್ಲ. ಮಸ್ಕಿಯ ಸಂತೆಗೆ ಹೋಗುವ, ಹಟ್ಟಿಯ ಗಣಿಯಲ್ಲಿಳಿಯುವ, ಸಿಂಧನೂರಿನ ರೈಸ್ ಮಿಲ್ಲಿನಲ್ಲಿ ಮೂಟೆ ಹೊರುವ ನಮ್ಮ ಜನರಿಗಾಗಿಯೇ ಕೊರೆದ ಮಾತಿದು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಆದುದರಿಂದ ದೊಡ್ಡ ಬಾಕ್ಸರ್ ಯಾರೆಂದು ಕೇಳುವ ಯುವಕರಿಗೆ ನನ್ನ ಉತ್ತರವಿಷ್ಟು. ಬಿದ್ದುದನ್ನು ಒಪ್ಪಿ ಎದ್ದವನು ದೊಡ್ಡವನು. ಎದುರಾಳಿಯಲ್ಲಿ ಸಹೋದರನನ್ನು ಕಂಡವನು ಅವನಿಗಿಂತ ದೊಡ್ಡವನು. ಹೊಡೆಯುವ ಬಲವಿದ್ದೂ ಕೈಯನ್ನು ತಡೆದವನು ಎಲ್ಲರಿಗಿಂತ ದೊಡ್ಡವನು. ಶಿಲುಬೆಯ ಮೇಲೆ ನಮ್ಮ ಪ್ರಭುವಿನ ಕೈಗಳನ್ನು ಒಮ್ಮೆ ನೋಡಿ. ಹನ್ನೆರಡು ದೂತಸೇನೆಗಳನ್ನು ಕರೆಯಬಲ್ಲವರಾಗಿದ್ದರೂ ಅವರು ಮುಷ್ಟಿ ಬಿಗಿಯಲಿಲ್ಲ. ಮೊಳೆ ಹೊಡೆದವರ ಎದುರಿಗೂ ಆ ಹಸ್ತಗಳು ತೆರೆದೇ ಇದ್ದವು.

ಮುಂದಿನ ಬಾರಿ ಸಿಟ್ಟಿನಲ್ಲಿ ನಿಮ್ಮ ಬೆರಳುಗಳು ಒಳಕ್ಕೆ ಮಡಚಿಕೊಂಡಾಗ, ಮೊದಲು ಅವುಗಳನ್ನು ಬಿಚ್ಚಿ. ನಂತರ ಮಾತಾಡಿ. ಆ ಕೈಯಿಂದಲೇ ಶಿಲುಬೆಯ ಗುರುತು ಮಾಡಿಕೊಳ್ಳಿ. ಮುಷ್ಟಿ ಬಿಗಿದುಕೊಂಡು ಅದನ್ನು ಮಾಡಲು ಬರುವುದಿಲ್ಲ. ನಿಮ್ಮ ಮನೆಯಲ್ಲಿ ಶಾಂತಿ ನೆಲೆಸಲಿ.